ಜಾಲಹಳ್ಳಿಯ ಪರೀಕ್ಷಾ ಮೇಜಿನಿಂದ ಬಸವಕಲ್ಯಾಣದ ಮತಗಟ್ಟೆಗೆ: ಬಿಇಎಲ್ ಮತ್ತು ಗುಣಮಟ್ಟದ ಏಳು ದಶಕ

ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಸ್ಥಾಪನೆಯಾದದ್ದು 1954ರ ಏಪ್ರಿಲ್ 21ರಂದು. ಎಪ್ಪತ್ತು ವರ್ಷ ದಾಟಿದ ಈ ಸಂಸ್ಥೆಯ ಮಾತು ಬಂದಾಗಲೆಲ್ಲ ರಡಾರು, ಕ್ಷಿಪಣಿ ವ್ಯವಸ್ಥೆ, ಯುದ್ಧನೌಕೆಯ ಉಪಕರಣಗಳ ಪಟ್ಟಿ ಮುಂದೆ ಬರುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ರೈತನಾಗಲಿ ಕೂಲಿಕಾರಳಾಗಲಿ ಅವನ್ನು ನೋಡಿದವರಲ್ಲ. ಆದರೆ ಅವರೆಲ್ಲರೂ ಕೈಯಾರೆ ಮುಟ್ಟಿದ ಒಂದು ವಸ್ತುವಿದೆ: ವಿದ್ಯುನ್ಮಾನ ಮತಯಂತ್ರ. ದೇಶದಲ್ಲಿ ಅದನ್ನು ತಯಾರಿಸುವುದು ಎರಡೇ ಸಂಸ್ಥೆಗಳು, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್.

ಬೆಂಗಳೂರಿನಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಹಳ್ಳಿಯ ಶಾಲೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ತಯಾರಿಸಿದ ಎಂಜಿನಿಯರ್ ಹತ್ತಿರದಲ್ಲಿಲ್ಲದ ಹೊತ್ತಿನಲ್ಲಿ ಯಂತ್ರ ದಿನವಿಡೀ ತಪ್ಪಿಲ್ಲದೆ ನಡೆಯಬೇಕು. ಕಾರ್ಖಾನೆಯ ಗುಣಮಟ್ಟಕ್ಕೆ ಕೊನೆಯ ಪರೀಕ್ಷೆ ಅಲ್ಲಿಯದೇ. ಬಿಇಎಲ್‌ನ ಏಳು ದಶಕಗಳನ್ನು ಈ ಕಡೆಯಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಆರಂಭದಲ್ಲಿ ಕೊನೆಯ ಬಾಗಿಲಲ್ಲಿ ಕುಳಿತ ತಪಾಸಕನ ಕೆಲಸವಾಗಿದ್ದ ಗುಣಮಟ್ಟ ಕ್ರಮೇಣ ವಿನ್ಯಾಸಕಾರರ, ಬೆಸುಗೆ ಹಾಕುವವರ, ಬಿಡಿಭಾಗ ಪೂರೈಸುವವರ, ಬಳಸುವವರ ಕೂಡ ಹೊಣೆಯಾಯಿತು.

ಹಿನ್ನೆಲೆ ಮತ್ತು ಸ್ಥಾಪನೆ: 1947–1956

ಸ್ವಾತಂತ್ರ್ಯ ಬಂದಾಗ ನಮ್ಮ ಸೇನೆಯ ನಿಸ್ತಂತು ಸಾಧನಗಳು ಬಹುಮಟ್ಟಿಗೆ ಹೊರದೇಶದವು. ಒಂದು ವಾಲ್ವು ಸುಟ್ಟರೂ ಬದಲಿಗೆ ವಿದೇಶದ ಕಡೆ ನೋಡಬೇಕಾದ ಸ್ಥಿತಿ. ಗಡಿ ಕಾಯುವ ಸೈನಿಕನ ದನಿ ಇನ್ನೊಬ್ಬರ ಮರ್ಜಿಯಲ್ಲಿ ಇರಬಾರದೆಂಬ ನಿಶ್ಚಯದಿಂದ ಕೇಂದ್ರ ಸರ್ಕಾರ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಈ ಕಾರ್ಖಾನೆಯನ್ನು ಯೋಜಿಸಿತು. ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ಸಹಯೋಗ ದೊರೆಯಿತು. ಜಾಗವಾಗಿ ಆಯ್ದುಕೊಂಡದ್ದು ಬೆಂಗಳೂರಿನ ಜಾಲಹಳ್ಳಿ.

ಆ ಆಯ್ಕೆಯ ಹಿಂದೆ ನಗರದ ಅನುಕೂಲಗಳೆಲ್ಲ ಇದ್ದವು. 1909ರಿಂದ ನಡೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ, 1940ರ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ ಐಟಿಐ, 1953ರ ಎಚ್‌ಎಂಟಿ ಇವುಗಳಿಂದ ಕುಶಲ ಕೆಲಸಗಾರರ ಒಂದು ತಲೆಮಾರೇ ಇಲ್ಲಿ ತಯಾರಾಗುತ್ತಿತ್ತು. ಹಿತವಾದ ಹವೆಯೂ ಸೂಕ್ಷ್ಮ ಕೆಲಸಕ್ಕೆ ಒದಗಿತು. 1956ರಲ್ಲಿ ಸೇನೆಗೆ ಬೇಕಾದ ಸಂಪರ್ಕ ಸಾಧನಗಳ ತಯಾರಿಕೆ ಆರಂಭವಾಯಿತು. ಅದೇ ವರ್ಷದ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳು ಹೈದರಾಬಾದ್ ರಾಜ್ಯದಿಂದ ಬಿಡುಗಡೆಗೊಂಡು ಕನ್ನಡ ನಾಡನ್ನು ಸೇರಿದವು. ಬಸವಕಲ್ಯಾಣವೂ ಬಿಇಎಲ್ ಕಾರ್ಖಾನೆಯೂ ಒಂದೇ ರಾಜ್ಯದೊಳಗೆ ಬಂದದ್ದು ಹೀಗೆ.

ಗುಣಮಟ್ಟ ನಿಯಂತ್ರಣದ ಶಾಸ್ತ್ರ ಅಷ್ಟು ಹೊತ್ತಿಗೆ ಭಾರತಕ್ಕೆ ಹೊಸತೇನೂ ಆಗಿರಲಿಲ್ಲ. ಅಮೆರಿಕದ ಬೆಲ್ ದೂರವಾಣಿ ವ್ಯವಸ್ಥೆಯಲ್ಲಿ ಕೆಲಸಕ್ಕಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ನಿಯಂತ್ರಣ ನಕ್ಷೆಯನ್ನು ರೂಪಿಸಿದ್ದರು. ಯಾವ ಪ್ರಕ್ರಿಯೆಯಲ್ಲೂ ಸಹಜವಾದ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಅಳತೆಗಳು ಎಳೆದ ಗೆರೆ ದಾಟಿದರೆ ಮಾತ್ರ ಅದಕ್ಕೊಂದು ವಿಶೇಷ ಕಾರಣವಿದೆ ಎಂದು ತಿಳಿದು ಹುಡುಕಬೇಕು ಎಂಬುದು ಅದರ ತಿರುಳು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೆ ಬಂದು ಸಂಚರಿಸಿದರು. 1947ರಲ್ಲೇ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲಿಯೂ ತೆರೆಯಿತು. ನಗರದ ಹೊಸ ಕಾರ್ಖಾನೆಗಳು ಬೆಳೆದದ್ದು ಈ ವಿದ್ಯೆಯ ನೆರೆಯಲ್ಲೇ.

ವಾಲ್ವು ಮತ್ತು ಟ್ರಾನ್ಸಿಸ್ಟರು: 1956–1966

ಬಿಇಎಲ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಯೋಗದಲ್ಲಿ ರೇಡಿಯೊ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸಲು ಆರಂಭಿಸಿತು. 1964ರಲ್ಲಿ ಆಕಾಶವಾಣಿಗಾಗಿ ಪ್ರಸಾರ ಯಂತ್ರಗಳ ತಯಾರಿಕೆಗೆ ಕೈಹಾಕಿತು. ಸೇನೆಗೆಂದು ಹುಟ್ಟಿದ ಕಾರ್ಖಾನೆ ಹೀಗೆ ಮನೆಯ ರೇಡಿಯೊ ಪೆಟ್ಟಿಗೆಯೊಳಗೂ ಕಾಲಿಟ್ಟಿತು.

ವಾಲ್ವು ತಯಾರಿಕೆ ಕಠಿಣವಾದ ಶಿಸ್ತು. ಗಾಜಿನ ಬುರುಡೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೂ ಉಳಿಯುವ ಅನಿಲದ ಅಣುಗಳನ್ನು ಹಿಡಿಯಲು ಒಳಗೆ ಬೇರಿಯಂ ಲೋಹವನ್ನು ಆವಿಯಾಗಿಸಿ ಗಾಜಿನ ಒಳಮೈಗೆ ಹಚ್ಚುತ್ತಾರೆ. ಅದು ಕನ್ನಡಿಯಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ವಾಲ್ವು ಸರಿಯಾಗಿದೆ ಎಂದರ್ಥ. ಎಲ್ಲಾದರೂ ಕೂದಲೆಳೆಯ ಬಿರುಕಿನಿಂದ ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಸುಣ್ಣ ಬಳಿದಂತೆ ಮಂಕಾಗುತ್ತದೆ. ಮೀಟರಿನ ನೆರವಿಲ್ಲದೆ ಕಣ್ಣಿನಿಂದಲೇ ತಿಳಿಯುವ ಈ ಗುರುತು ಕಾರ್ಖಾನೆಯ ತಪಾಸಕನಿಗೂ ಊರಿನ ರೇಡಿಯೊ ರಿಪೇರಿಯವನಿಗೂ ಒಂದೇ.

ಜರ್ಮೇನಿಯಂ ಟ್ರಾನ್ಸಿಸ್ಟರಿನ ತೊಂದರೆ ಬೇರೆ ಬಗೆಯದು. ಶಾಖ ಏರಿದಂತೆ ಅದರ ಸೋರು ವಿದ್ಯುತ್ತು ಬೇಗಬೇಗ ಬೆಳೆಯುತ್ತದೆ. ಸುಮಾರು ಹತ್ತು ಡಿಗ್ರಿಗೆ ಎರಡು ಪಟ್ಟು ಎಂಬುದು ಎಂಜಿನಿಯರುಗಳ ಅಂದಾಜು. ಬೆಂಗಳೂರಿನ ತಂಪಿನಲ್ಲಿ ಪಾಸಾದ ಟ್ರಾನ್ಸಿಸ್ಟರು 40 ಡಿಗ್ರಿ ದಾಟುವ ಬೀದರ್, ಕಲಬುರಗಿಯ ಬೇಸಿಗೆಯಲ್ಲಿ ಎಡವಬಹುದು. ತಯಾರಾದ ಜಾಗದ ಹವೆಯಲ್ಲಿ ಪರೀಕ್ಷೆ ಮಾಡಿದರೆ ಸಾಲದು, ಬಳಸುವ ಜಾಗದ ಹವೆಯನ್ನು ಪ್ರಯೋಗಾಲಯದೊಳಗೆ ತರಬೇಕು ಎಂಬ ಪಾಠವನ್ನು ಎಲೆಕ್ಟ್ರಾನಿಕ್ಸ್ ಉದ್ಯಮ ಕಲಿತದ್ದು ಇಂಥ ಅನುಭವದಿಂದಲೇ.

ಈ ದಶಕದಲ್ಲಿ ಒಂದೊಂದನ್ನೂ ನೋಡಿ ಆರಿಸುವ ಕ್ರಮದ ಪಕ್ಕದಲ್ಲಿ ಮಾದರಿ ಪರೀಕ್ಷೆ ಬೆಳೆಯಿತು. ಸಾವಿರಗಟ್ಟಲೆ ಬಿಡಿಭಾಗಗಳ ಲಾಟಿನಿಂದ ನಿಯಮಕ್ಕೆ ತಕ್ಕಷ್ಟನ್ನು ತೆಗೆದು ಪರೀಕ್ಷಿಸಿ, ದೋಷ ಮಿತಿ ಮೀರಿದರೆ ಇಡೀ ಲಾಟನ್ನು ತಿರಸ್ಕರಿಸುವುದು ಅದರ ರೀತಿ. ಉತ್ಪಾದನೆಯವರಿಗೆ ಗುರಿ ಮುಟ್ಟುವ ಆತುರ, ಇನ್‌ಸ್ಪೆಕ್ಷನ್‌ನವರಿಗೆ ತಡೆಯುವ ಹೊಣೆ. ಇವರ ನಡುವಿನ ಜಗ್ಗಾಟ ಎಲ್ಲ ಕಾರ್ಖಾನೆಗಳಲ್ಲೂ ಇರುವಂಥದ್ದು. ಎರಡೂ ಕಡೆಯವರು ಒಂದೇ ಮೇಜಿಗೆ ಬಂದು ದೋಷದ ಮೂಲ ಹುಡುಕುವ ರೂಢಿ ಬೆಳೆದಂತೆ ಅದು ಸಂಸ್ಥೆಗೆ ಹಿತವನ್ನೇ ಮಾಡಿತು.

ರಡಾರು, ಹೊಸ ಘಟಕಗಳು: 1966–1979

1966ರಲ್ಲಿ ಸೇನೆಗಾಗಿ ರಡಾರ್ ತಯಾರಿಕೆ ಆರಂಭವಾಯಿತು. ಸಂಸ್ಥೆಯೊಳಗಿನ ಸಂಶೋಧನೆಗೂ ಆಗಲೇ ಚಾಲನೆ ಸಿಕ್ಕಿತು. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಮುದ್ರಿತ ಸರ್ಕ್ಯೂಟ್ ಬೋರ್ಡುಗಳು, ಸಿಲಿಕಾನ್ ಬಿಡಿಭಾಗಗಳು, ಬಳಿಕ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬು, 1972ರಲ್ಲಿ ದೂರದರ್ಶನದ ಪ್ರಸಾರ ಯಂತ್ರಗಳು ಬಂದವು. 1974ರಲ್ಲಿ ಗಾಜಿಯಾಬಾದಿನಲ್ಲಿ ಎರಡನೆಯ ಘಟಕ, 1979ರಲ್ಲಿ ಪುಣೆಯಲ್ಲಿ ಮೂರನೆಯದು ತಲೆಯೆತ್ತಿದವು. ಜಾಲಹಳ್ಳಿಯಲ್ಲಿ ಕಾರ್ಖಾನೆಯ ಸುತ್ತ ವಸತಿ, ಶಾಲೆ, ಆಸ್ಪತ್ರೆ ಸೇರಿ ಒಂದು ಊರೇ ಬೆಳೆಯಿತು.

ವಾಲ್ವಿನಿಂದ ಬೋರ್ಡಿಗೆ ಬಂದಾಗ ಗುಣಮಟ್ಟದ ಗಮನವೂ ಬೆಸುಗೆಯ ಮೇಲೆ ನೆಟ್ಟಿತು. ತವರ 63, ಸೀಸ 37 ಪಾಲಿನ ಸೋಲ್ಡರು 183 ಡಿಗ್ರಿಯಲ್ಲಿ ಕರಗುತ್ತದೆ. ತಂತಿಯ ಕಾಲೂ ಬೋರ್ಡಿನ ತಾಮ್ರವೂ ಸಾಕಷ್ಟು ಕಾದು, ಸೋಲ್ಡರು ಎರಡಕ್ಕೂ ಹರಡಿ ಅಂಟಿದರೆ ಅಂಚು ಒಳಬಾಗಿ ನುಣ್ಣಗೆ ಹೊಳೆಯುತ್ತದೆ. ಕಾವು ಸಾಲದಿದ್ದರೆ ಉಂಡೆಗಟ್ಟಿ ಮಂಕಾಗಿ ಕೂರುತ್ತದೆ. ಕೆಲಸಗಾರರು ಅದನ್ನು ಡ್ರೈ ಸೋಲ್ಡರು ಎನ್ನುತ್ತಾರೆ. ಅಪಾಯವೆಂದರೆ ಇಂಥ ಬೆಸುಗೆ ಕಾರ್ಖಾನೆಯ ಮೇಜಿನ ಮೇಲೆ ಸರಿಯಾಗಿಯೇ ಕೆಲಸ ಮಾಡಿ ಪಾಸಾಗಿಬಿಡಬಹುದು. ಲಾರಿಯಲ್ಲಿ ಕುಲುಕಾಡಿ, ಬಿಸಿಲಿನಲ್ಲಿ ಹಿಗ್ಗಿ, ರಾತ್ರಿ ಕುಗ್ಗಿದ ಮೇಲೆ ಒಂದು ದಿನ ಸಂಪರ್ಕ ಕಡಿಯುತ್ತದೆ.

ಇದಕ್ಕೆ ಉತ್ತರವಾಗಿ ಬೆಳೆದದ್ದು ಪರಿಸರ ಪರೀಕ್ಷೆಗಳು. ಸಶಸ್ತ್ರ ಪಡೆಗಳ ಎಲೆಕ್ಟ್ರಾನಿಕ್ ಸಾಧನಗಳಿಗೆ ಅನ್ವಯಿಸುವ ಜೆಎಸ್‌ಎಸ್ 55555 ಎಂಬ ಜಂಟಿ ಸೇವಾ ಮಾನದಂಡದಲ್ಲಿ ಕಂಪನ, ಕುಲುಕು, ಹೆಚ್ಚು ಮತ್ತು ಕಡಿಮೆ ಉಷ್ಣತೆ, ತೇವದ ಶಾಖ, ದೂಳು, ಬೂಷ್ಟು, ಬೀಳುವಿಕೆ ಹೀಗೆ ಒಂದೊಂದಕ್ಕೂ ಪರೀಕ್ಷಾ ವಿಧಾನವಿದೆ. ತಯಾರಿಸಿದವರೇ ಪಾಸು ಮಾಡಿಕೊಂಡರೆ ಮುಗಿಯಿತು ಎನ್ನದಂತೆ ರಕ್ಷಣಾ ಇಲಾಖೆಯ ಗುಣಮಟ್ಟ ಖಾತರಿ ವಿಭಾಗದವರೂ ನೋಡುತ್ತಾರೆ. ಎಲೆಕ್ಟ್ರಾನಿಕ್ಸ್‌ಗೆ ಸಂಬಂಧಿಸಿದ ಅದರ ನಿಯಂತ್ರಣ ಕಚೇರಿ ಬೆಂಗಳೂರಿನಲ್ಲೇ ಇರುವುದು ಸಂಸ್ಥೆಗೆ ನಿತ್ಯದ ಕಾವಲೂ ಕಲಿಕೆಯೂ ಆಯಿತು.

ಕಲ್ಯಾಣ ಕರ್ನಾಟಕದ ಹಳ್ಳಿಗಳು ಇದೇ ವರ್ಷಗಳಲ್ಲಿ ಎಲೆಕ್ಟ್ರಾನಿಕ್ಸನ್ನು ಕಣ್ಣಾರೆ ಕಂಡವು. ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ 1975–76ರ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ರಾಜ್ಯದಿಂದ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಶುರುವಾದದ್ದೂ 1977ರಲ್ಲಿ, ಕಲಬುರಗಿಯಲ್ಲಿ. ಹಳ್ಳಿಯ ಪಂಚಾಯಿತಿ ಕಟ್ಟೆಯ ಮುಂದೆ ಇಟ್ಟ ಟಿವಿ ಕೆಟ್ಟರೆ ಇಡೀ ಊರಿನ ಪಾಠವೇ ನಿಲ್ಲುತ್ತಿತ್ತು. ಬಾಳಿಕೆ, ಬೇಗ ರಿಪೇರಿಯಾಗುವ ಗುಣ ಇವು ನಗರದ ಗಿರಾಕಿಗಿಂತ ಹಳ್ಳಿಗೆ ಹೆಚ್ಚು ಅಗತ್ಯವೆಂದು ಆಗಲೇ ಗೊತ್ತಾಯಿತು.

ಮಾತುಕತೆಯ ಕಾಲ, ಮತಯಂತ್ರದ ಹುಟ್ಟು: 1980–1992

1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನೌಕರರು ಒಟ್ಟಾಗಿ ಮುಷ್ಕರ ನಡೆಸಿದರು. ಬಿಇಎಲ್ ನೌಕರರೂ ಅದರಲ್ಲಿದ್ದರು. ಅದು ಎಲ್ಲರಿಗೂ ಕಷ್ಟದ ಸಮಯ. ಕೆಲಸ ಮತ್ತೆ ಶುರುವಾದ ಮೇಲೆ ಆಡಳಿತವೂ ನೌಕರರೂ ಪರಸ್ಪರ ಆಲಿಸುವ ದಾರಿಗಳನ್ನು ಹುಡುಕಬೇಕಾಯಿತು.

ಅಂಥ ಒಂದು ದಾರಿ ಗುಣವೃತ್ತಗಳು. ಒಂದೇ ವಿಭಾಗದ ಕೆಲವು ಕೆಲಸಗಾರರು ತಾವಾಗಿಯೇ ಕೂತು, ತಮ್ಮ ಮೇಜಿನ ದೋಷವನ್ನು ತಾವೇ ಪಟ್ಟಿ ಮಾಡಿ ಪರಿಹಾರ ಸೂಚಿಸುವ ಈ ಜಪಾನಿ ಪದ್ಧತಿಯನ್ನು ಭಾರತದಲ್ಲಿ ಮೊದಲು ನೆಲೆಗೊಳಿಸಿದ್ದು 1980ರ ಹೊತ್ತಿಗೆ ಹೈದರಾಬಾದಿನ ರಾಮಚಂದ್ರಾಪುರದ ಬಿಎಚ್‌ಇಎಲ್. ಎಸ್.ಆರ್. ಉಡುಪ ಅವರ ನೇತೃತ್ವದ ಆ ಪ್ರಯತ್ನದಿಂದ 1982ರಲ್ಲಿ ಗುಣವೃತ್ತಗಳ ರಾಷ್ಟ್ರೀಯ ವೇದಿಕೆಯೂ ರೂಪುಗೊಂಡಿತು. ಹುಮನಾಬಾದಿನ ಮೇಲೆ ಹಾದು, ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಮುಟ್ಟುವ ಪುಣೆ–ಹೈದರಾಬಾದ್ ಹೆದ್ದಾರಿಯೇ ರಾಮಚಂದ್ರಾಪುರದ ಮುಂದೆಯೂ ಸಾಗುತ್ತದೆ. ಹೊಟ್ಟೆಪಾಡಿಗೆ ಆ ಕಡೆ ಹೋದ ನಮ್ಮ ಭಾಗದ ಎಷ್ಟೋ ಯುವಕರು ಕಾರ್ಖಾನೆಯ ಶಿಸ್ತನ್ನು ಮೊದಲು ಕಲಿತದ್ದು ಆ ದಾರಿಯ ಕೈಗಾರಿಕಾ ಪ್ರದೇಶಗಳಲ್ಲಿ.

ಮತಯಂತ್ರ ಹುಟ್ಟಿದ್ದೂ ಇದೇ ಕಾಲದಲ್ಲಿ. ನೌಕರರ ಸಂಘಗಳ ಚುನಾವಣೆಗೆಂದು ಬಿಇಎಲ್ ಎಂಜಿನಿಯರುಗಳು ರೂಪಿಸಿದ ಯಂತ್ರ ಚುನಾವಣಾ ಆಯೋಗದ ಗಮನಕ್ಕೆ ಬಂತು. ತಮಿಳು ಓದುಗರಿಗೆ ‘ಸುಜಾತಾ’ ಎಂಬ ಹೆಸರಿನಿಂದ ಪ್ರಿಯರಾದ ಲೇಖಕ ಎಸ್. ರಂಗರಾಜನ್ ಬಿಇಎಲ್‌ನಲ್ಲಿ ಈ ಕೆಲಸದ ಮೇಲ್ವಿಚಾರಣೆ ವಹಿಸಿದ್ದರು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರದ ಮೊದಲ ಬಳಕೆ ನಡೆಯಿತು. ಕಾನೂನಿನ ಆಧಾರ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಜನಪ್ರಾತಿನಿಧ್ಯ ಕಾಯ್ದೆಗೆ ಮಾಡಿದ ತಿದ್ದುಪಡಿ 1989ರಲ್ಲಿ ಜಾರಿಯಾದ ಮೇಲೆ ದಾರಿ ತೆರೆಯಿತು.

ಈ ಯಂತ್ರದ ವಿನ್ಯಾಸದಲ್ಲಿ ಹಳ್ಳಿಯ ವಾಸ್ತವ ಬೆರೆತಿತ್ತು. ಅದು ಬ್ಯಾಟರಿಯಿಂದ ನಡೆಯುತ್ತದೆ, ಕರೆಂಟು ಹೋದರೂ ಮತದಾನ ನಿಲ್ಲುವುದಿಲ್ಲ. ಓದು ಬಾರದವರೂ ಚಿಹ್ನೆ ನೋಡಿ ಗುಂಡಿ ಒತ್ತಬಹುದು. ಬೇರೆ ಯಾವುದೇ ಜಾಲಕ್ಕೆ ಅದು ಜೋಡಣೆಯಾಗುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಿನದೇನನ್ನೂ ಒಳಗೆ ತುಂಬದಿರುವುದೂ ಗುಣಮಟ್ಟದ ಒಂದು ತತ್ವ. ಬಿಡಿಭಾಗ ಕಡಿಮೆಯಾದಷ್ಟು ಕೆಡುವ ಜಾಗವೂ ಕಡಿಮೆ.

ಪ್ರಮಾಣಪತ್ರ ಮತ್ತು ವಿಸ್ತಾರ: 1993–2009

1990ರ ದಶಕದ ಆರ್ಥಿಕ ಉದಾರೀಕರಣದಲ್ಲಿ ಸರ್ಕಾರ ಬಿಇಎಲ್‌ನಲ್ಲಿದ್ದ ತನ್ನ ಷೇರುಗಳ ಒಂದು ಪಾಲನ್ನು ಮಾರಿತು. ಕಾಯ್ದಿಟ್ಟ ಗಿರಾಕಿ ಎಂಬ ನೆಮ್ಮದಿ ಮುಗಿದು ಸ್ಪರ್ಧೆ ಎದುರಾಯಿತು. 1993ರಲ್ಲಿ ಬೆಂಗಳೂರು ಮತ್ತು ಗಾಜಿಯಾಬಾದ್ ಘಟಕಗಳಿಗೆ ಐಎಸ್‌ಒ 9000 ಮಾನ್ಯತೆ ಬಂತು. ಐಎಸ್‌ಒ ಎಂದರೆ ಗೋಡೆಗೆ ತೂಗುಹಾಕುವ ಪ್ರಮಾಣಪತ್ರ ಎಂದುಕೊಳ್ಳುವವರಿದ್ದಾರೆ. ಅದರ ಕೆಲಸ ನಿತ್ಯದ್ದು: ಯಾವ ಬೋರ್ಡು ಯಾವ ಲಾಟಿನದು, ಯಾರು ಜೋಡಿಸಿದರು, ಯಾವ ಮೀಟರಿನಿಂದ ಅಳೆದರು, ಆ ಮೀಟರನ್ನು ಯಾವಾಗ ಸರಿಹೊಂದಿಸಲಾಗಿತ್ತು ಎಂಬುದೆಲ್ಲ ದಾಖಲೆಯಲ್ಲಿ ಇರಬೇಕು. ವರ್ಷಗಳ ಬಳಿಕ ಎಲ್ಲೋ ಒಂದು ಯಂತ್ರ ಕೆಟ್ಟರೂ ಹಿಂದಕ್ಕೆ ಹೆಜ್ಜೆ ಹಿಡಿದು ಕಾರಣ ಮುಟ್ಟಲು ಸಾಧ್ಯವಾಗುವುದು ಇದರಿಂದ. ತರಬೇತಿಗಾಗಿ ಬಿಇಎಲ್ ತನ್ನದೇ ಗುಣಮಟ್ಟ ಸಂಸ್ಥೆಯನ್ನೂ ಕಟ್ಟಿಕೊಂಡಿತು.

1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ಕ್ಷೇತ್ರಗಳಲ್ಲಿ ಮತಯಂತ್ರ ಬಳಕೆಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಿಗೂ ತಲುಪಿತು. ಕೆಲವು ಸಾವಿರ ಸಾಧನ ತಯಾರಿಸುವ ಶಿಸ್ತನ್ನು ಲಕ್ಷಗಟ್ಟಲೆಗೆ ಹಿಗ್ಗಿಸುವುದು ಬೇರೆಯೇ ಸವಾಲು. ಸಾವಿರಕ್ಕೊಂದು ದೋಷ ಎಂಬುದು ಕೇಳಲು ಚಿಕ್ಕದು. ಹತ್ತು ಲಕ್ಷ ಯಂತ್ರಗಳಲ್ಲಿ ಅದೇ ಸಾವಿರ ಮತಗಟ್ಟೆಗಳ ಮುಂದೆ ನಿಂತ ಸಾಲುಗಳಾಗುತ್ತದೆ. 2007ರಲ್ಲಿ ಬಿಇಎಲ್‌ಗೆ ನವರತ್ನ ಸ್ಥಾನಮಾನ ದೊರೆಯಿತು.

ಹೊಸ ಯುಗದ ಪರೀಕ್ಷೆಗಳು: 2010ರಿಂದ ಈಚೆಗೆ

ಬಿಡಿಭಾಗಗಳು ಅಕ್ಕಿಕಾಳಿಗಿಂತ ಸಣ್ಣವಾದಾಗ ಕಣ್ಣಿನ ತಪಾಸಣೆ ಸೋಲುತ್ತದೆ. ಮೇಲ್ಮೈ ಜೋಡಣೆಯ ಬೋರ್ಡುಗಳಿಗೆ ಮೊದಲು ಸೋಲ್ಡರ್ ಪೇಸ್ಟಿನ ದಪ್ಪ ಅಳೆಯುತ್ತಾರೆ. ಜೋಡಣೆಯಾದ ಮೇಲೆ ಕ್ಯಾಮೆರಾ ಪ್ರತಿ ಭಾಗದ ಜಾಗ, ದಿಕ್ಕು ನೋಡುತ್ತದೆ. ಚಿಪ್ಪಿನ ಅಡಿಯಲ್ಲಿ ಅಡಗಿದ ಬೆಸುಗೆಗೆ ಎಕ್ಸ್‌–ರೇ ಬೇಕು. ಕೈಯ ಸ್ಥಿರ ವಿದ್ಯುತ್ತಿನಿಂದ ಚಿಪ್ಪು ಸಾಯದಂತೆ ಕೆಲಸಗಾರರು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಕೊನೆಗೆ ಸಾಧನವನ್ನು ಬಿಸಿಯಲ್ಲಿ ಗಂಟೆಗಟ್ಟಲೆ ಓಡಿಸುತ್ತಾರೆ. ಎಳೆಯ ವಯಸ್ಸಿನಲ್ಲಿ ಸಾಯುವ ಭಾಗಗಳು ಕಾರ್ಖಾನೆಯಲ್ಲೇ ಸಾಯಲಿ ಎಂಬುದು ಅದರ ಉದ್ದೇಶ.

ಮತ ಖಾತ್ರಿ ಚೀಟಿಯ ಯಂತ್ರವಾದ ವಿವಿಪ್ಯಾಟ್ ಮೊದಲು ಬಳಕೆಯಾದದ್ದು 2013ರಲ್ಲಿ, ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ. ಚೀಟಿ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. 2018ರಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರದ ಉಪಚುನಾವಣೆಗಳಲ್ಲಿ ಹಲವು ವಿವಿಪ್ಯಾಟ್‌ಗಳು ಕೈಕೊಟ್ಟವು. ಅತಿಯಾದ ಬೆಳಕು ಸಂವೇದಕದ ಮೇಲೆ ಬಿದ್ದದ್ದು, ಕಾಗದದ ಸುರುಳಿ ತೇವ ಹೀರಿದ್ದು ಕಾರಣಗಳೆಂದು ಕಂಡುಬಂತು. ಸಂವೇದಕಕ್ಕೆ ಮರೆ, ತೇವ ಹೀರದ ಕಾಗದ ಎಂಬ ತಿದ್ದುಪಡಿಗಳು ಬಂದವು. ದೋಷವನ್ನು ಒಪ್ಪಿ, ಮೂಲ ಹುಡುಕಿ, ವಿನ್ಯಾಸವನ್ನೇ ತಿದ್ದುವ ಈ ಕ್ರಮವೇ ಗುಣಮಟ್ಟ ನಿಯಂತ್ರಣದ ಜೀವ.

ಈ ಜಾಗರೂಕತೆ ತಾಲ್ಲೂಕಿನಲ್ಲಿ ಹೇಗೆ ಕಾಣುತ್ತದೆಂದು ನೋಡಬೇಕು. ಚುನಾವಣೆಗೆ ಮೊದಲು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಸಮ್ಮುಖದಲ್ಲಿ ತಯಾರಕ ಸಂಸ್ಥೆಯ ಎಂಜಿನಿಯರುಗಳು ಪ್ರತಿ ಯಂತ್ರದ ಮೊದಲ ಹಂತದ ತಪಾಸಣೆ ಮಾಡುತ್ತಾರೆ. ಆ ಬಳಿಕ ಶೇ 1ರಷ್ಟು ಯಂತ್ರಗಳಲ್ಲಿ 1200, ಶೇ 2ರಲ್ಲಿ 1000, ಇನ್ನು ಶೇ 2ರಲ್ಲಿ 500 ಅಣಕು ಮತಗಳನ್ನು ಹಾಕಿ ನೋಡುತ್ತಾರೆ. ಮತದಾನದ ಬೆಳಗ್ಗೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ಎಣಿಕೆಯನ್ನೂ ಚೀಟಿಯನ್ನೂ ತಾಳೆ ನೋಡಿ, ಎಲ್ಲ ಅಳಿಸಿ, ಮೊಹರು ಹಾಕಿದ ಮೇಲೆಯೇ ಮೊದಲ ಮತದಾರ ಒಳಗೆ ಬರುವುದು. 2021ರ ಏಪ್ರಿಲ್ 17ರ ಬಸವಕಲ್ಯಾಣ ಉಪಚುನಾವಣೆ, 2023ರ ಮೇ 10ರ ವಿಧಾನಸಭಾ ಚುನಾವಣೆ, 2024ರ ಮೇ 7ರ ಲೋಕಸಭಾ ಚುನಾವಣೆ ಮೂರೂ ನಡೆದದ್ದು ಬೀದರ್ ಬೇಸಿಗೆಯಲ್ಲೇ. ಶೂಹಾರ್ಟರ ಹೆಸರು ಕೇಳದ ಶಾಲಾ ಮಾಸ್ತರರೂ ಬೂತ್ ಏಜೆಂಟರೂ ಆ ಬೆಳಗ್ಗೆ ಗುಣಮಟ್ಟ ಪರೀಕ್ಷಕರೇ ಆಗಿದ್ದರು.

2020ರ ಕೋವಿಡ್ ಕಾಲದಲ್ಲಿ ಸಂಸ್ಥೆಗೆ 30,000 ವೆಂಟಿಲೇಟರ್ ತಯಾರಿಸುವ ಹೊಣೆ ಬಂತು. ಮೈಸೂರಿನ ಸ್ಕ್ಯಾನ್‌ರೇ ಮತ್ತು ಡಿಆರ್‌ಡಿಒ ಜತೆಗೂಡಿ, ಬಿಡಿಭಾಗ ಸಿಗದ ಲಾಕ್‌ಡೌನ್ ದಿನಗಳಲ್ಲೂ ಕೆಲಸ ಸಾಗಿತು. ಉಸಿರಿನ ಯಂತ್ರದಲ್ಲಿ ಅಳತೆಯ ತಪ್ಪಿಗೆ ಜಾಗವಿಲ್ಲ. ರಡಾರಿನ ಸಂವೇದಕಗಳೊಂದಿಗೆ ಪಳಗಿದ ಕೈಗಳು ಆಗ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಬೇಕಾದವು.

ಮುಂದಿನ ಹೊಣೆ

ಎಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಬೆಳೆದ ಪರೀಕ್ಷಾ ವಿದ್ಯೆ ಕಲ್ಯಾಣ ಕರ್ನಾಟಕಕ್ಕೆ ಇನ್ನೂ ಸಾಕಷ್ಟು ಇಳಿದಿಲ್ಲ. ಆದರೆ ನೆಲ ಹದವಾಗಿದೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ. ಬೆಂಗಳೂರಿನಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯ ಶಾಖೆಯೂ ಅಲ್ಲಿದೆ. ಮಿಲಿಮೀಟರಿನ ನೂರನೆಯ ಭಾಗ ಅಳೆಯುವುದನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ಲಾರಿ ಉದ್ಯಮಕ್ಕೂ ಗ್ಯಾರೇಜುಗಳಿಗೂ ಹೆಸರಾದ ಬಸವಕಲ್ಯಾಣದ ಮೆಕ್ಯಾನಿಕ್ಕುಗಳು ದೋಷವನ್ನು ಶಬ್ದದಿಂದಲೇ ಹಿಡಿಯಬಲ್ಲವರು. ಈ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ ಶಿಕ್ಷಣ, ಉದ್ಯೋಗದ ಬಾಗಿಲನ್ನು ಇನ್ನಷ್ಟು ತೆರೆದಿದೆ.

ಗುಣಮಟ್ಟ ಬಳಕೆದಾರರ ಹಕ್ಕೂ ಹೌದು. 2012ರಲ್ಲಿ ಆರಂಭವಾದ ಕಡ್ಡಾಯ ನೋಂದಣಿ ವ್ಯವಸ್ಥೆಯ ಪ್ರಕಾರ ಮೊಬೈಲ್ ಚಾರ್ಜರ್, ಎಲ್‌ಇಡಿ ಟಿವಿಯಂಥ ಸಾಧನಗಳು ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತಿಲ್ಲದೆ ಮಾರಾಟವಾಗುವಂತಿಲ್ಲ. ಸಂತೆಯಲ್ಲಿ ಚಾರ್ಜರ್ ಕೊಳ್ಳುವ ಹುಡುಗಿ ಆ ಗುರುತನ್ನು ಹುಡುಕಲು ಕಲಿತರೆ ಕಳಪೆ ಮಾಲಿಗೆ ಜಾಗ ತಾನಾಗಿ ಕುಗ್ಗುತ್ತದೆ.

ಶರಣರು ಬಾಳಿದ ಕಲ್ಯಾಣದಲ್ಲಿ ಕಾಯಕಕ್ಕೆ ದೊಡ್ಡ ಸ್ಥಾನವಿದೆ, ಕದ್ದು ಮಾಡಿದ ಕೆಲಸಕ್ಕಿಲ್ಲ. ಯಾರೂ ನೋಡದ ಬೆಸುಗೆಯನ್ನೂ ನೇರವಾಗಿ ಹಾಕುವುದು ಆ ನೆಲದ ಮೌಲ್ಯಕ್ಕೆ ಒಪ್ಪುವ ಕೆಲಸ. ಬಿಇಎಲ್‌ನಂಥ ಸಂಸ್ಥೆ ಇನ್ನು ಮುಂದೆ ತನ್ನ ಬಿಡಿಭಾಗಗಳ ಪೂರೈಕೆದಾರರನ್ನು ಹುಮನಾಬಾದಿನಲ್ಲಿ ಬೆಳೆಸಲಿ. ಮೀಟರುಗಳನ್ನು ಸರಿಹೊಂದಿಸುವ, ಶಾಖ ಮತ್ತು ಕಂಪನದ ಪರೀಕ್ಷೆ ನಡೆಸುವ ಒಂದು ಪ್ರಯೋಗಾಲಯ ಬೀದರ್ ಜಿಲ್ಲೆಗೆ ಬರಲಿ. ಇಲ್ಲಿನ ಐಟಿಐ, ಪಾಲಿಟೆಕ್ನಿಕ್ ಮಕ್ಕಳಿಗೆ ಜಾಲಹಳ್ಳಿಯಲ್ಲಿ ಅಪ್ರೆಂಟಿಸ್‌ಶಿಪ್ ಹೆಚ್ಚು ಸಿಗಲಿ. ಇಷ್ಟು ದಿನ ಯಂತ್ರವನ್ನು ಬಳಸಿ ಪರೀಕ್ಷಿಸಿದ ಈ ಎರಡು ತಾಲ್ಲೂಕುಗಳು ಅದನ್ನು ಮಾಡಿ ಪರೀಕ್ಷಿಸುವ ಕಾಲ ಬಂದರೆ, ಸಂಸ್ಥೆಯ ಶತಮಾನೋತ್ಸವದ ಸಂಚಿಕೆಯಲ್ಲಿ ಹುಮನಾಬಾದಿನ ಕಾರ್ಖಾನೆಗೂ ಒಂದು ಅಧ್ಯಾಯ ಇರುತ್ತದೆ.